ಟೀಚರ್ ಹೇಳಲಿ ಅಂತ ಕಾಯಬೇಡಿ, ಬರೆದು ಕೇಳಿ

ಅಮೆರಿಕದಲ್ಲಿ ಮಕ್ಕಳನ್ನು ಪಬ್ಲಿಕ್ ಶಾಲೆಗೆ ಕಳಿಸುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಮಗು ಓದೋದ್ರಲ್ಲಿ ಹಿಂದೆ ಇದೆ ಅನ್ಸುತ್ತೆ, ಆದ್ರೆ ಟೀಚರ್ ಏನೂ ಹೇಳಿಲ್ಲ. ಹಾಗಾದ್ರೆ ಪರವಾಗಿಲ್ಲ ಅಲ್ವಾ?" ನನ್ನ ಉತ್ತರವೂ ಒಂದೇ. ಟೀಚರ್ ಹೇಳಲಿ ಅಂತ ಕಾಯಬೇಡಿ. ಮಗುವನ್ನು ಪರೀಕ್ಷಿಸಿ ಅಂತ ಶಾಲೆಯನ್ನು ನೀವೇ ಕೇಳಿ. ಬಾಯಿಮಾತಿನಲ್ಲಿ ಅಲ್ಲ, ಬರೆದು ಕೇಳಿ.

ನನ್ನ ಮಗನಿಗೆ ಓದು ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಇದೆ, ಜೊತೆಗೆ ಗಮನ ನಿಲ್ಲದ ಎಡಿಎಚ್‌ಡಿ. ಎರಡನೇ ಕ್ಲಾಸಿನಲ್ಲಿ ಐಇಪಿ, ಅಂದರೆ ಮಗುವಿಗೆ ಬೇಕಾದ ವಿಶೇಷ ಪಾಠ, ಸೌಲಭ್ಯಗಳನ್ನು ಬರೆದಿಡುವ ಶಾಲೆಯ ಯೋಜನೆ, ಶುರುವಾಯಿತು, ಈಗ ಮಿಡಲ್ ಸ್ಕೂಲಿನಲ್ಲಿದ್ದಾನೆ. ನಾನು ವಕೀಲೆ ಅಲ್ಲ, ಸೈಕಾಲಜಿಸ್ಟೂ ಅಲ್ಲ. ಆದರೆ ಆ ಮೀಟಿಂಗುಗಳಲ್ಲಿ ಕೂತು ಕೂತು, ಕಾನೂನು ಓದಿ ಓದಿ ಒಂದಿಷ್ಟು ಗೊತ್ತಾಗಿದೆ. ಇಷ್ಟು ದಿನ ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುತ್ತಿದ್ದೆ. ನಮ್ಮ ಭಾಷೆಯಲ್ಲಿ ಒಂದು ಕಡೆ ಬರೆದಿಟ್ಟರೆ ಹೊಸಬರಿಗೆ ಅನುಕೂಲ ಆಗುತ್ತದೆ ಅಂತ ಇದು.

ಮೊದಲು ಒಂದು ವಿಷಯ ಮನಸ್ಸಿಗೆ ಹೋಗಬೇಕು. ಇಲ್ಲಿ ಶಾಲೆ ಮಾಡುವುದು ಉಪಕಾರ ಅಲ್ಲ, ಕಾನೂನಿನ ಕರ್ತವ್ಯ. 1975ರ ನವೆಂಬರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನು ಅದು, ಅಂಗವೈಕಲ್ಯ ಇರುವ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡಲೇಬೇಕು ಅನ್ನುತ್ತದೆ. 1990ರಲ್ಲಿ ಅದಕ್ಕೆ ಐಡಿಇಎ ಅಂತ ಹೆಸರಾಯಿತು. ಅದು ಬರುವ ಮುಂಚೆ ಪರಿಸ್ಥಿತಿ ಹೇಗಿತ್ತು ಅಂದರೆ, ದೇಶದಲ್ಲಿ ಅಂಗವೈಕಲ್ಯ ಇರುವ 80 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸರಿಯಾದ ಶಿಕ್ಷಣ ಸಿಗುತ್ತಿಲ್ಲ, 10 ಲಕ್ಷ ಮಕ್ಕಳನ್ನು ಪಬ್ಲಿಕ್ ಶಾಲೆ ಒಳಗೇ ಬಿಟ್ಟುಕೊಂಡಿಲ್ಲ ಅಂತ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸೇ, ಆ ಕಾನೂನಿನಲ್ಲಿ ಬರೆಯಿತು. ಪೋಲಿಯೋ ಆಗಿ ಗಾಲಿಕುರ್ಚಿಯಲ್ಲಿದ್ದ ಜೂಡಿತ್ ಹ್ಯೂಮನ್ ಅನ್ನುವ ಹುಡುಗಿಯನ್ನು ನ್ಯೂಯಾರ್ಕಿನಲ್ಲಿ ಕಿಂಡರ್‌ಗಾರ್ಟನ್ನಿಗೆ ಸೇರಿಸಿಕೊಳ್ಳಲಿಲ್ಲ. ಬೆಂಕಿ ಬಿದ್ದರೆ ನೀನು ಅಡ್ಡಿ ಆಗುತ್ತೀಯ ಅಂದರು. ಆಕೆ ಬೆಳೆದು ಈ ದೇಶದ ಅಂಗವಿಕಲರ ಹೋರಾಟದ ದೊಡ್ಡ ನಾಯಕಿಯಾದರು. ಪೆನ್ಸಿಲ್ವೇನಿಯಾದಲ್ಲಿ, ವಾಷಿಂಗ್ಟನ್ ಡಿಸಿಯಲ್ಲಿ ಅಪ್ಪ ಅಮ್ಮಂದಿರು ಕೋರ್ಟಿಗೆ ಹೋದರು. 1972ರಲ್ಲಿ ಡಿಸಿಯ ಕೇಸಿನಲ್ಲಿ ಕೋರ್ಟು ಖಡಾಖಂಡಿತವಾಗಿ ಹೇಳಿತು. ದುಡ್ಡು ಸಾಲದು ಅಂತಾದರೆ ಆ ಕೊರತೆಯ ಭಾರವನ್ನು ಈ ಮಕ್ಕಳ ಮೇಲೆ ಮಾತ್ರ ಜಾಸ್ತಿ ಹೊರಿಸುವ ಹಾಗಿಲ್ಲ. ಇವತ್ತು ನಾವು ಮೀಟಿಂಗಿನಲ್ಲಿ ಧೈರ್ಯವಾಗಿ ಕೂತು ಮಾತಾಡುತ್ತೇವಲ್ಲ, ಆ ಜಾಗ ಅವರು ಗಳಿಸಿಕೊಟ್ಟದ್ದು.

ಈ ಕಾನೂನಿನಲ್ಲಿ ಚೈಲ್ಡ್ ಫೈಂಡ್ ಅಂತ ಒಂದು ಭಾಗ ಇದೆ. ಅಂಗವೈಕಲ್ಯ ಇರಬಹುದು ಅನ್ನಿಸುವ ಪ್ರತಿ ಮಗುವನ್ನೂ ಹುಡುಕಿ, ಗುರುತಿಸಿ, ಪರೀಕ್ಷಿಸುವುದು ಶಾಲಾ ಜಿಲ್ಲೆಯ, ಅಂದರೆ ಆ ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಆಡಳಿತದ ಕೆಲಸ. ಮಗು ಖಾಸಗಿ ಶಾಲೆಯಲ್ಲಿದ್ದರೂ ಅಷ್ಟೇ, ಮನೆಯಿಲ್ಲದೆ ಅಲೆಯುತ್ತಿದ್ದರೂ ಅಷ್ಟೇ. ಪ್ರತಿ ವರ್ಷ ಪಾಸಾಗಿ ಮುಂದಿನ ಕ್ಲಾಸಿಗೆ ಹೋಗುತ್ತಿರುವ ಮಗುವೂ ಇದರಲ್ಲಿ ಸೇರುತ್ತದೆ. ಈ ಕೊನೆಯದು ನಮ್ಮವರಿಗೆ ಮುಖ್ಯ. "ಎ ಗ್ರೇಡ್ ಬರ್ತಿದೆ, ಇನ್ನೇನು ಬೇಕು" ಅನ್ನುವ ಮಾತು ಶಾಲೆಯಿಂದಲೂ ಬರುತ್ತದೆ, ನಮ್ಮ ಮನೆಯೊಳಗಿಂದಲೂ ಬರುತ್ತದೆ. ಆ ಎ ಗ್ರೇಡಿನ ಹಿಂದೆ ಪ್ರತಿ ರಾತ್ರಿ ಮೂರು ಗಂಟೆ ಅಮ್ಮ ಪಕ್ಕದಲ್ಲಿ ಕೂತು ಓದಿ ಹೇಳಿರುತ್ತಾಳೆ, ಮಗು ಅತ್ತಿರುತ್ತದೆ. ಅದು ಯಾವ ರಿಪೋರ್ಟ್ ಕಾರ್ಡಿನಲ್ಲೂ ಬರುವುದಿಲ್ಲ.

ಕಾನೂನು ಇದ್ದರೆ ಸಾಕಾ? ಟೆಕ್ಸಾಸಿನ ಕಥೆ ಗೊತ್ತಿರಬೇಕು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ನಮ್ಮವರು ಎಷ್ಟೊಂದು ಜನ ಇದ್ದಾರೆ. 2004ರಲ್ಲಿ ಆ ರಾಜ್ಯದ ಶಿಕ್ಷಣ ಇಲಾಖೆ ಶಾಲಾ ಜಿಲ್ಲೆಗಳನ್ನು ಅಳೆಯಲು 8.5 ಶೇಕಡಾ ಅನ್ನುವ ಒಂದು ಗಡಿ ಇಟ್ಟಿತು. ಸ್ಪೆಷಲ್ ಎಜುಕೇಷನ್ನಿನಲ್ಲಿರುವ ಮಕ್ಕಳು ಅದಕ್ಕಿಂತ ಜಾಸ್ತಿ ಇದ್ದರೆ ಜಿಲ್ಲೆಗೆ ಕಪ್ಪು ಚುಕ್ಕೆ. ದೇಶದ ಸರಾಸರಿ ಆಗ ಸುಮಾರು 13 ಶೇಕಡಾ. ಮುಂದೆ ಏನಾಯಿತು ಅಂತ ಊಹಿಸುವುದು ಕಷ್ಟ ಅಲ್ಲ. ಜಿಲ್ಲೆಗಳು ಮಕ್ಕಳನ್ನು ಗುರುತಿಸುವುದನ್ನೇ ಕಡಿಮೆ ಮಾಡಿದವು, ಪ್ರಮಾಣ ಇಳಿಯುತ್ತಾ ಇಳಿಯುತ್ತಾ ಆ ಗಡಿಗೇ ಬಂದು ನಿಂತಿತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಇದನ್ನು ಬಯಲು ಮಾಡಿತು. 2017ರಲ್ಲಿ ಆ ಗಡಿಯನ್ನು ಕಾನೂನು ಮಾಡಿ ತೆಗೆದರು. 2018ರ ಜನವರಿಯಲ್ಲಿ, ಟೆಕ್ಸಾಸ್ ಕಾನೂನು ಮುರಿದಿದೆ ಅಂತ ಫೆಡರಲ್ ಶಿಕ್ಷಣ ಇಲಾಖೆಯೇ ಹೇಳಿತು. ಅಷ್ಟು ವರ್ಷ ಎಷ್ಟು ಮನೆಗಳಲ್ಲಿ "ಟೀಚರ್ ಏನೂ ಹೇಳಿಲ್ಲ, ಹಾಗಾದ್ರೆ ಸರಿ ಇದೆ" ಅಂತ ಅಂದುಕೊಂಡು ಸುಮ್ಮನಿದ್ದರೋ. ನೆನೆದರೆ ಹೊಟ್ಟೆ ಉರಿಯುತ್ತದೆ.

ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗನಿಗೆ ಸಿಕ್ಕ ಸ್ಪೆಷಲ್ ಎಜುಕೇಷನ್ ಟೀಚರುಗಳಂಥ ಶ್ರಮಜೀವಿಗಳನ್ನು ನಾನು ಕಂಡಿಲ್ಲ. ಈ ಕೆಲಸಕ್ಕೆ ಜನ ಸಾಲುತ್ತಿಲ್ಲ, ಇದ್ದವರ ಮೇಲೆ ಮಕ್ಕಳ ಹೊರೆ, ಕಾಗದದ ಹೊರೆ. ಒಂದು ಮಗುವಿನ ಓದಿಗೆ ದೇಶದಲ್ಲಿ ಆಗುವ ಸರಾಸರಿ ಖರ್ಚಿನ 40 ಶೇಕಡಾ ತನಕ ಕೊಡುತ್ತೇವೆ ಅಂತ 1975ರಲ್ಲಿ ಫೆಡರಲ್ ಸರ್ಕಾರ ಹೇಳಿತ್ತು. ಈಗ ಕೊಡುತ್ತಿರುವುದು ಅದರ ಅರ್ಧವೂ ಅಲ್ಲ. ಉಳಿದದ್ದು ರಾಜ್ಯ ಮತ್ತು ಜಿಲ್ಲೆಯ ತಲೆಗೆ. ಹಾಗಾಗಿ ಒಳ್ಳೆಯ ಮನಸ್ಸಿನ ಟೀಚರಿಗೂ "ಇನ್ನೊಂದು ಸ್ವಲ್ಪ ನೋಡೋಣ" ಅನ್ನುವ ಒತ್ತಡ ಇರುತ್ತದೆ. ಆ ಒತ್ತಡ ಒಂದು ಕಡೆ ಇರುವಾಗ, ಇನ್ನೊಂದು ಕಡೆ ನಿಮ್ಮ ಕಾಗದ ಇರಬೇಕು.

ಕಾಗದ ಅಂದರೆ ದೊಡ್ಡದೇನೂ ಅಲ್ಲ. ಒಂದು ಇಮೇಲ್ ಸಾಕು. ಪ್ರಿನ್ಸಿಪಾಲರಿಗೂ ಜಿಲ್ಲೆಯ ಸ್ಪೆಷಲ್ ಎಜುಕೇಷನ್ ಡೈರೆಕ್ಟರಿಗೂ ಒಟ್ಟಿಗೆ ಕಳಿಸಿ. ಮಗುವಿನ ಹೆಸರು, ಹುಟ್ಟಿದ ತಾರೀಖು, ಕ್ಲಾಸು ಬರೆಯಿರಿ. ಐಡಿಇಎ ಅಡಿಯಲ್ಲಿ ಸ್ಪೆಷಲ್ ಎಜುಕೇಷನ್ನಿಗೆ ಅರ್ಹತೆ ಇದೆಯಾ ಅಂತ ತಿಳಿಯಲು, ಅನುಮಾನ ಇರುವ ಎಲ್ಲ ವಿಷಯಗಳಲ್ಲೂ ಪೂರ್ತಿ ಇವ್ಯಾಲ್ಯುಯೇಷನ್, ಅಂದರೆ ಪರೀಕ್ಷೆ, ಮಾಡಿ ಅಂತ ಕೇಳಿ. ಆಮೇಲೆ ನೀವು ಮನೆಯಲ್ಲಿ ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. "ಓದಲು ಕಷ್ಟ" ಅಂತ ಅಲ್ಲ. "ಎರಡನೇ ಕ್ಲಾಸಿನಲ್ಲಿದ್ದಾನೆ, ಒಂದೇ ಪುಟದಲ್ಲಿ ಅದೇ ಪದ ಮೂರು ಸಲ ಬಂದರೆ ಮೂರು ಸಲವೂ ಹೊಸದಾಗಿ ಅಕ್ಷರ ಕೂಡಿಸುತ್ತಾನೆ" ಅಂತ. ಒಪ್ಪಿಗೆ ಪತ್ರ ಕಳಿಸಿ, ಸಹಿ ಮಾಡಿ ಕೊಡುತ್ತೇನೆ ಅಂತ ಮುಗಿಸಿ. ತಾರೀಖು ಮರೆಯಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪಿಟಿಎ ಮೀಟಿಂಗಿನಲ್ಲೋ ಕಾರ್ ಲೈನಿನಲ್ಲೋ ಬಾಯಲ್ಲಿ ಆಡಿದ ಮಾತಿಗೆ ಯಾವ ದಿನದ ಲೆಕ್ಕವೂ ಇರುವುದಿಲ್ಲ. ಬರೆದದ್ದಕ್ಕೆ ಇದೆ. ಕ್ಯಾಲಿಫೋರ್ನಿಯಾದಲ್ಲಿ 15 ದಿನದೊಳಗೆ ಪರೀಕ್ಷೆಯ ಯೋಜನೆಯನ್ನು ನಿಮ್ಮ ಕೈಗೆ ಕೊಡಬೇಕು. ಟೆಕ್ಸಾಸಿನಲ್ಲಿ 15 ಶಾಲಾ ದಿನದೊಳಗೆ ಉತ್ತರ ಕೊಡಬೇಕು, ವಾಷಿಂಗ್ಟನ್ ರಾಜ್ಯದಲ್ಲಿ 25 ಶಾಲಾ ದಿನದೊಳಗೆ ತೀರ್ಮಾನ ಹೇಳಬೇಕು. ನೀವು ಒಪ್ಪಿಗೆಗೆ ಸಹಿ ಮಾಡಿದ ಮೇಲೆ ಫೆಡರಲ್ ಕಾನೂನಿನ ಪ್ರಕಾರ 60 ದಿನದಲ್ಲಿ ಪರೀಕ್ಷೆ ಮುಗಿಯಬೇಕು, ರಾಜ್ಯ ಬೇರೆ ಅವಧಿ ಇಟ್ಟಿದ್ದರೆ ಅದು. ಶಾಲೆ ಬೇಡ ಅನ್ನಬಹುದು, ಅದಕ್ಕೂ ಅವಕಾಶ ಇದೆ. ಆದರೆ ಯಾಕೆ ಬೇಡ ಅಂತ ಕಾರಣ ಸಮೇತ ಬರೆದು ಕೊಡಬೇಕು. ಪ್ರಯರ್ ರಿಟನ್ ನೋಟಿಸ್ ಅಂತಾರೆ ಅದಕ್ಕೆ. ಈ ಹೆಸರು ನೆನಪಿಟ್ಟುಕೊಳ್ಳಿ. "ಆ ನೋಟಿಸ್ ಕೊಡಿ" ಅಂತ ಸೌಮ್ಯವಾಗಿ ಕೇಳಿದರೆ ಎಷ್ಟೋ ಸಲ ಬೇಡ ಅಂದದ್ದು ಆಯ್ತು ಅಂತಾಗುತ್ತದೆ.

ನಮಗೆ ಬಂದ ಮೊದಲ ಉತ್ತರ "ಇಂಟರ್ವೆನ್ಷನ್ ಗುಂಪಿನಲ್ಲಿ ಹಾಕಿದ್ದೇವೆ, ಅದು ಮುಗಿಯಲಿ, ಆಮೇಲೆ ಯೋಚಿಸೋಣ" ಅಂತ. ಕೇಳಲು ಸರಿಯಾಗಿಯೇ ಇದೆ. ಆರ್‌ಟಿಐ ಅಂತಲೋ ಎಂಟಿಎಸ್‌ಎಸ್ ಅಂತಲೋ ಕರೆಯುವ, ಹಿಂದುಳಿದ ಮಕ್ಕಳಿಗೆ ಹೆಚ್ಚುವರಿ ಪಾಠ ಹೇಳುವ ಈ ಗುಂಪುಗಳು ಎಷ್ಟೋ ಮಕ್ಕಳಿಗೆ ನಿಜವಾಗಿ ಸಹಾಯ ಮಾಡುತ್ತವೆ. ಆದರೆ ಅದನ್ನು ನೆಪ ಮಾಡಿ ಪರೀಕ್ಷೆ ತಡ ಮಾಡುವ ಹಾಗಿಲ್ಲ ಅಂತ 2011ರಲ್ಲೇ ಫೆಡರಲ್ ಶಿಕ್ಷಣ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. ಎರಡೂ ಒಟ್ಟಿಗೆ ನಡೆಯಲಿ ಅಂತ ಆ ಪತ್ರದ ಪ್ರತಿ ಸೇರಿಸಿ ವಾಪಸ್ ಬರೆದೆವು. ನಡೆಯಿತು.

ಇನ್ನು ಪರೀಕ್ಷೆ. ಒಂದೇ ಟೆಸ್ಟ್ ಮಾಡಿ, ಐಕ್ಯೂ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಸ್ಕೂಲ್ ಸೈಕಾಲಜಿಸ್ಟ್ ಇರುತ್ತಾರೆ, ಮಾತಿನ ಸಮಸ್ಯೆ ಇದ್ದರೆ ಸ್ಪೀಚ್ ಥೆರಪಿಸ್ಟ್, ಬರೆಯಲು ಕೈ ಓಡದಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್. ಕ್ಲಾಸಿಗೆ ಬಂದು ಮಗುವನ್ನು ಗಮನಿಸುತ್ತಾರೆ. ಅಪ್ಪ ಅಮ್ಮನಿಗೂ ಟೀಚರಿಗೂ ಉದ್ದುದ್ದ ಪ್ರಶ್ನೆಪಟ್ಟಿ ಕೊಡುತ್ತಾರೆ. ಈ ಪ್ರಶ್ನೆಪಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮವರು ಇದನ್ನು ತುಂಬುವಾಗ ಮಗುವಿನ ಮಾನ ಉಳಿಸಲು ನೋಡುತ್ತಾರೆ. "ಆಗಾಗ" ಅಂತ ಇರುವ ಕಡೆ "ಅಪರೂಪಕ್ಕೆ" ಅಂತ ಗುರುತು ಹಾಕುತ್ತಾರೆ. ಆಗ ಟೀಚರ್ ಬರೆದದ್ದಕ್ಕೂ ಮನೆಯವರು ಬರೆದದ್ದಕ್ಕೂ ತಾಳೆಯಾಗುವುದಿಲ್ಲ, ಸಮಸ್ಯೆ ಶಾಲೆಯಲ್ಲಿ ಮಾತ್ರ ಇದೆ ಅಂತ ವರದಿ ಬರುತ್ತದೆ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಇನ್ನೊಂದು, ತಾನೇ ಊಟ ಮಾಡುತ್ತದಾ, ತಾನೇ ಬಟ್ಟೆ ಹಾಕಿಕೊಳ್ಳುತ್ತದಾ ಅಂತೆಲ್ಲ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಆರು ವರ್ಷದ ಮಗುವಿಗೂ ಅಜ್ಜಿ ತುತ್ತು ಮಾಡಿ ತಿನ್ನಿಸುತ್ತಾರೆ. ಅದು ಬಾರದೆ ಅಲ್ಲ, ನಮ್ಮ ಅಭ್ಯಾಸ. ಪಕ್ಕದಲ್ಲಿ ಒಂದು ಸಾಲು ಬರೆದು ತಿಳಿಸಿ. ಇಲ್ಲದಿದ್ದರೆ ಇಲ್ಲದ ತೊಂದರೆಯೊಂದು ವರದಿಗೆ ಸೇರುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, ಮನೆಯಲ್ಲಿ ಕನ್ನಡ ಮಾತಾಡುವುದರಿಂದ ಮಗುವಿಗೆ ಮಾತು ತಡ ಆಗುತ್ತದೆ, ಓದು ಹತ್ತುವುದಿಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಎರಡು ಭಾಷೆ ಮಾತಿನ ತೊಂದರೆಗೆ ಕಾರಣ ಅಲ್ಲ. ನಿಜವಾದ ತೊಂದರೆ ಇದ್ದರೆ ಅದು ಕನ್ನಡದಲ್ಲೂ ಕಾಣುತ್ತದೆ. ಅಜ್ಜಿಯ ಜೊತೆ ಕನ್ನಡದಲ್ಲೂ ವಾಕ್ಯ ಕೂಡಿಸಲು ಒದ್ದಾಡುತ್ತದಾ, ನೋಡಿ, ಅದನ್ನು ಬರೆದು ಕೊಡಿ, ತುಂಬಾ ಉಪಯೋಗಕ್ಕೆ ಬರುವ ಮಾಹಿತಿ ಅದು. ಮಗುವಿನ ಮನೆಭಾಷೆಯನ್ನು ಗಮನದಲ್ಲಿ ಇಟ್ಟುಕೊಂಡೇ ಪರೀಕ್ಷೆ ಮಾಡಬೇಕು ಅಂತ ಕಾನೂನು ಹೇಳುತ್ತದೆ. ಇಂಗ್ಲಿಷ್ ಸರಿಯಾಗಿ ಬಾರದ ಒಂದೇ ಕಾರಣಕ್ಕೆ ಅಂಗವೈಕಲ್ಯ ಅಂತ ಹಣೆಪಟ್ಟಿ ಹಚ್ಚುವ ಹಾಗೂ ಇಲ್ಲ. ಮೀಟಿಂಗಿನಲ್ಲಿ ನಿಮಗೆ ಇಂಗ್ಲಿಷ್ ಕಷ್ಟ ಆದರೆ ದುಭಾಷಿಯನ್ನು ಕೇಳಿ. ಶಾಲೆಯೇ ಖರ್ಚು ಮಾಡಿ ಒದಗಿಸಬೇಕು.

ವರದಿಯ ಪ್ರತಿಯನ್ನು ಮೀಟಿಂಗಿಗೆ ಮುಂಚೆಯೇ ಕೇಳಿ ಪಡೆಯಿರಿ. ಮೇಜಿನ ಮುಂದೆ ಕೂತು ಮೊದಲ ಸಲ 25 ಪುಟ ತಿರುವಿದರೆ ಏನೂ ತಲೆಗೆ ಹೋಗುವುದಿಲ್ಲ. ಅಂಕಿಗಳನ್ನು ನೋಡಿ ಹೆದರಬೇಡಿ. ಸ್ಟ್ಯಾಂಡರ್ಡ್ ಸ್ಕೋರ್ ಅಂತ ಇರುವುದರಲ್ಲಿ ಸರಾಸರಿ 100, ಸಾಮಾನ್ಯವಾಗಿ 85ರಿಂದ 115ರ ಒಳಗೆ ಬಹುಪಾಲು ಮಕ್ಕಳು ಇರುತ್ತಾರೆ. ಪರ್ಸೆಂಟೈಲ್ 16 ಅಂದರೆ ನೂರಕ್ಕೆ 16 ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಹದಿನಾರು ಮಕ್ಕಳು ಇವನ ಹಿಂದೆ ಇದ್ದಾರೆ ಅಂತ. ಮಾರ್ಕ್ಸ್ ನೋಡಿ ಬೆಳೆದ ನಮಗೆ ಈ ಗೊಂದಲ ಸಹಜ. ಒಟ್ಟು ಸ್ಕೋರಿಗಿಂತ ಒಳಗಿನ ಏರುಪೇರು ಮುಖ್ಯ. ನನ್ನ ಮಗನಿಗೆ ಬಾಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವುದು ವಯಸ್ಸಿಗಿಂತ ಮೇಲಿತ್ತು, ಅಕ್ಷರದಿಂದ ಸದ್ದು ಬಿಡಿಸುವುದು ತೀರಾ ಕೆಳಗಿತ್ತು. ಆ ಎರಡರ ನಡುವಿನ ಅಂತರವೇ ಎಲ್ಲ ಹೇಳುತ್ತಿತ್ತು.

ಅರ್ಹತೆಗೆ ಎರಡು ಮಾತು ಸಾಬೀತಾಗಬೇಕು. ಕಾನೂನು ಪಟ್ಟಿ ಮಾಡಿದ 13 ವರ್ಗಗಳಲ್ಲಿ ಒಂದಕ್ಕೆ ಮಗು ಸೇರಬೇಕು, ಮತ್ತು ಅದರಿಂದಾಗಿ ಓದಿಗೆ ತೊಂದರೆಯಾಗಿ ವಿಶೇಷ ರೀತಿಯ ಪಾಠ ಬೇಕಾಗಿರಬೇಕು. ಆಟಿಸಂ, ಕಿವುಡುತನ, ದೃಷ್ಟಿದೋಷ, ಬುದ್ಧಿಮಾಂದ್ಯ, ಮಾತಿನ ತೊಂದರೆ ಎಲ್ಲ ಈ ಪಟ್ಟಿಯಲ್ಲಿವೆ. ಎಡಿಎಚ್‌ಡಿ ಸಾಮಾನ್ಯವಾಗಿ "ಇತರ ಆರೋಗ್ಯ ಸಮಸ್ಯೆ" ಅನ್ನುವ ವರ್ಗದಲ್ಲಿ ಬರುತ್ತದೆ. ಡಿಸ್ಲೆಕ್ಸಿಯಾ ಬರುವುದು ಕಲಿಕಾ ನ್ಯೂನತೆಯಲ್ಲಿ, ಅದೇ ಎಲ್ಲಕ್ಕಿಂತ ದೊಡ್ಡ ಗುಂಪು. ಸ್ಪೆಷಲ್ ಎಜುಕೇಷನ್ನಿನಲ್ಲಿರುವ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗು ಅದರಲ್ಲೇ ಇದೆ. ಹೊರಗಿನ ಡಾಕ್ಟರ್ ಚೀಟಿ ಇದ್ದರೆ ಐಇಪಿ ತಾನಾಗಿ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಿಗುವುದಿಲ್ಲ. ಶಾಲೆ ಅದನ್ನು ನೋಡಲೇಬೇಕು, ಆದರೆ ತನ್ನ ತೀರ್ಮಾನ ತಾನು ಮಾಡುತ್ತದೆ. ಹಾಗೆಯೇ "ಡಿಸ್ಲೆಕ್ಸಿಯಾ ಅಂತ ನಾವು ಬರೆಯುವ ಹಾಗಿಲ್ಲ" ಅನ್ನುವ ಮಾತು ಕೇಳಿದರೆ, ಹಾಗೆ ಬರೆಯಲು ಯಾವ ಅಡ್ಡಿಯೂ ಇಲ್ಲ ಅಂತ 2015ರಲ್ಲಿ ಫೆಡರಲ್ ಇಲಾಖೆ ಸ್ಪಷ್ಟ ಮಾಡಿದೆ ಅಂತ ಹೇಳಿ.

ಅರ್ಹತೆ ಸಿಕ್ಕರೆ 30 ದಿನದಲ್ಲಿ ಐಇಪಿ ಮೀಟಿಂಗ್ ಆಗಬೇಕು. ನಮ್ಮಂಥವರಿಗೆ ಕಷ್ಟ ಅನ್ನಿಸುವುದು ಇಲ್ಲೇ. ಮೇಜಿನ ಸುತ್ತ ಆರೇಳು ಜನ, ಎಲ್ಲರೂ ಓದಿದವರು, ಎಲ್ಲರ ಕೈಯಲ್ಲೂ ಲ್ಯಾಪ್‌ಟಾಪ್. ಗುರುಗಳು ಹೇಳಿದ ಮೇಲೆ ಮುಗೀತು ಅಂತ ಬೆಳೆದವರು ನಾವು. ಎದುರು ಮಾತಾಡುವುದು ಅಗೌರವ ಅನ್ನಿಸುತ್ತದೆ. ಆದರೆ ಕಾನೂನಿನಲ್ಲಿ ಐಇಪಿ ತಂಡದ ಪಟ್ಟಿ ತೆಗೆದು ನೋಡಿ. ಮೊದಲ ಹೆಸರು ಪೋಷಕರದ್ದು. ನೀವು ಅಲ್ಲಿ ಅತಿಥಿ ಅಲ್ಲ, ಸದಸ್ಯರು. ಗಂಡ ಹೆಂಡತಿ ಇಬ್ಬರೂ ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ. ಒಬ್ಬರೇ ಇದ್ದರೆ ವಿಷಯ ಗೊತ್ತಿರುವ ಸ್ನೇಹಿತರನ್ನು ಕರೆದುಕೊಂಡು ಹೋಗಿ, ಅದಕ್ಕೆ ಹಕ್ಕಿದೆ. ನಾನು ಹಾಗೆ ಕೆಲವರ ಜೊತೆ ಹೋಗಿದ್ದೇನೆ. ಪಕ್ಕದಲ್ಲಿ ನಮ್ಮವರು ಒಬ್ಬರು ಕೂತಿದ್ದರೇ ದನಿ ಗಟ್ಟಿಯಾಗುತ್ತದೆ.

ಐಇಪಿಯಲ್ಲಿ ನಾನು ಮೊದಲು ನೋಡುವುದು ಗುರಿಗಳನ್ನು. "ಓದುವುದರಲ್ಲಿ ಸುಧಾರಿಸುತ್ತಾನೆ" ಅಂತ ಬರೆದಿದ್ದರೆ ಅದು ಗುರಿ ಅಲ್ಲ. "ಮುಂದಿನ ಮೇ ಒಳಗೆ, ಮೊದಲು ನೋಡಿರದ ಮೂರನೇ ಕ್ಲಾಸಿನ ಪಠ್ಯವನ್ನು ನಿಮಿಷಕ್ಕೆ 90 ಪದದಂತೆ, 95 ಶೇಕಡಾ ತಪ್ಪಿಲ್ಲದೆ, ಸತತ ಮೂರು ಸಲ ಓದುತ್ತಾನೆ" ಅಂತ ಇದ್ದರೆ ಅದು ಗುರಿ. ಮುಟ್ಟಿದನೋ ಇಲ್ಲವೋ ಅಂತ ಯಾರು ಬೇಕಾದರೂ ಅಳೆಯಬಹುದು. ಈಗ ಎಲ್ಲಿದ್ದಾನೆ ಅನ್ನುವ ಅಂಕಿಯೂ ಅದರ ಪಕ್ಕದಲ್ಲಿ ಇರಬೇಕು. ಎಲ್ಲಿಂದ ಹೊರಟ ಅಂತ ಗೊತ್ತಿಲ್ಲದಿದ್ದರೆ ಎಷ್ಟು ದೂರ ಬಂದ ಅಂತ ಹೇಗೆ ಹೇಳುವುದು? ಆಮೇಲೆ ಸೇವೆಯ ನಿಮಿಷಗಳು. ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಎಷ್ಟು ಮಕ್ಕಳ ಗುಂಪಿನಲ್ಲಿ, ಯಾರು ಕಲಿಸುತ್ತಾರೆ. "ಅಗತ್ಯ ಬಿದ್ದಾಗ" ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿಸಿ ಕೇಳಿ. ಯಾರ ಅಗತ್ಯ, ಯಾವಾಗ, ಯಾರು ನಿರ್ಧರಿಸುತ್ತಾರೆ?

ಸೌಲಭ್ಯಗಳು ಬೇರೆ, ಪಾಠ ಬೇರೆ. ಟೆಸ್ಟಿಗೆ ಜಾಸ್ತಿ ಸಮಯ, ಆಡಿಯೋ ಪುಸ್ತಕ, ಮುಂದಿನ ಬೆಂಚು, ನಡುನಡುವೆ ಬಿಡುವು, ಇವೆಲ್ಲ ಬೇಕು. ಆದರೆ ಓದಲು ಬಾರದ ಮಗುವಿಗೆ ಎರಡು ಪಟ್ಟು ಸಮಯ ಕೊಟ್ಟರೆ ಎರಡು ಪಟ್ಟು ಹೊತ್ತು ಓದಲು ಬಾರದೆ ಕೂತಿರುತ್ತದೆ. ಓದುವುದನ್ನು ಕಲಿಸಬೇಕು. ಅಕ್ಷರಕ್ಕೂ ಸದ್ದಿಗೂ ಇರುವ ಸಂಬಂಧವನ್ನು ಒಂದೊಂದಾಗಿ, ಕ್ರಮವಾಗಿ, ತರಬೇತಿ ಆದವರು ಕಲಿಸಬೇಕು. ನನ್ನ ಮಗನ ವಿಷಯದಲ್ಲಿ ನಾವು ಪಟ್ಟು ಹಿಡಿದದ್ದು ಇದೊಂದಕ್ಕೇ.

ಎಷ್ಟು ಪ್ರಗತಿ ಆದರೆ ಸಾಕು ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು. ಕೊಲರಾಡೋದ ಆಟಿಸಂ ಇರುವ ಹುಡುಗನ ಕೇಸು, ಎಂಡ್ರೂ ಎಫ್ ಅಂತ ಹೆಸರು. ಸೊನ್ನೆಗಿಂತ ಒಂಚೂರು ಮೇಲಿದ್ದರೆ ಸಾಕು ಅಂತ ಕೆಳಗಿನ ಕೋರ್ಟು ಹೇಳಿತ್ತು. 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿ ಹಾಕಿದರು. ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವ ಹಾಗೆ ಐಇಪಿ ಇರಬೇಕು ಅಂದರು. ಹೋದ ವರ್ಷದ ಗುರಿಗಳನ್ನೇ ತಾರೀಖು ಬದಲಿಸಿ ಮತ್ತೆ ತಂದು ಮುಂದಿಟ್ಟರೆ ಈ ತೀರ್ಪನ್ನು ನೆನಪು ಮಾಡಿ. ಎಂಡ್ರೂವಿನ ಕೇಸಿನಲ್ಲೂ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅವೇ ಗುರಿಗಳು ಮರುಕಳಿಸುತ್ತಿದ್ದವು.

ಐಇಪಿ ಸಿಗದಿದ್ದರೆ 504 ಅಂತ ಇನ್ನೊಂದು ದಾರಿ ಇದೆ. 1973ರ ಪುನರ್ವಸತಿ ಕಾನೂನಿನ 504ನೇ ಸೆಕ್ಷನ್. ಇದು ತಾರತಮ್ಯ ತಡೆಯುವ ಕಾನೂನು. ವಿಶೇಷ ಪಾಠ ಬೇಡ, ಸೌಲಭ್ಯ ಸಾಕು ಅನ್ನುವ ಮಕ್ಕಳಿಗೆ ಒಳ್ಳೆಯದು. ಡಯಾಬಿಟಿಸ್, ಗಂಭೀರ ಅಲರ್ಜಿ, ಕೆಲವು ಎಡಿಎಚ್‌ಡಿ ಮಕ್ಕಳು. ಆದರೆ ನಿಮ್ಮ ಮಗುವಿಗೆ ಪಾಠವೇ ಬೇರೆ ರೀತಿ ಬೇಕಾಗಿರುವಾಗ "504 ಮಾಡಿಬಿಡೋಣ, ಸುಲಭ" ಅಂದರೆ ಒಪ್ಪಬೇಡಿ.

ಒಪ್ಪಿಗೆ ಆಗದಿದ್ದರೆ? ಮೇಜಿನ ಮೇಲೆ ಅಲ್ಲೇ ಸಹಿ ಮಾಡಬೇಕಿಲ್ಲ, ಮನೆಗೆ ತಂದು ಓದಿ. ಶಾಲೆಯ ಪರೀಕ್ಷೆ ಸರಿ ಇಲ್ಲ ಅನ್ನಿಸಿದರೆ ಹೊರಗಿನ ತಜ್ಞರಿಂದ ಜಿಲ್ಲೆಯ ಖರ್ಚಿನಲ್ಲಿ ಇನ್ನೊಂದು ಪರೀಕ್ಷೆ ಕೇಳಬಹುದು. ಜಿಲ್ಲೆ ಒಂದೋ ದುಡ್ಡು ಕೊಡಬೇಕು, ಇಲ್ಲವೋ ತನ್ನ ಪರೀಕ್ಷೆ ಸರಿ ಇದೆ ಅಂತ ವಿಚಾರಣೆಗೆ ಹೋಗಬೇಕು, ಸುಮ್ನೆ ಕೂರುವ ಹಾಗಿಲ್ಲ. ರಾಜ್ಯಕ್ಕೆ ದೂರು ಕೊಟ್ಟರೆ 60 ದಿನದಲ್ಲಿ ತೀರ್ಮಾನ ಬರಬೇಕು. ಮಧ್ಯಸ್ಥಿಕೆ ಇದೆ, ಡ್ಯೂ ಪ್ರೋಸೆಸ್ ಅನ್ನುವ ವಿಚಾರಣೆ ಇದೆ. ಅಲ್ಲಿಯವರೆಗೆ ಹೋಗುವುದು ಅಪರೂಪ, ವಕೀಲರ ಖರ್ಚೂ ಜಾಸ್ತಿ. ಅದಕ್ಕೂ ಮೊದಲು ನಿಮ್ಮ ರಾಜ್ಯದ ಪೇರೆಂಟ್ ಟ್ರೈನಿಂಗ್ ಸೆಂಟರಿಗೆ ಫೋನ್ ಮಾಡಿ. ಪ್ರತಿ ರಾಜ್ಯದಲ್ಲೂ ಫೆಡರಲ್ ಹಣದಿಂದ ನಡೆಯುವ ಒಂದಾದರೂ ಕೇಂದ್ರ ಇದೆ. ನ್ಯೂಜೆರ್ಸಿಯಲ್ಲಿ ಸ್ಪ್ಯಾನ್, ಟೆಕ್ಸಾಸಿನಲ್ಲಿ ಪಾರ್ಟ್‌ನರ್ಸ್ ರಿಸೋರ್ಸ್ ನೆಟ್‌ವರ್ಕ್. ಫೋನ್ ಎತ್ತುವವರಲ್ಲಿ ಎಷ್ಟೋ ಜನ ತಾವೇ ಇಂಥ ಮಕ್ಕಳ ಅಪ್ಪ ಅಮ್ಮಂದಿರು. ಶುಲ್ಕ ಇಲ್ಲ.

ಈಗ ನಮ್ಮ ಮನೆಯೊಳಗಿನ ಮಾತು. 2022-23ರ ಲೆಕ್ಕದ ಪ್ರಕಾರ ಈ ದೇಶದ ಪಬ್ಲಿಕ್ ಶಾಲೆಗಳಲ್ಲಿ ಸುಮಾರು 75 ಲಕ್ಷ ಮಕ್ಕಳು ಐಡಿಇಎ ಅಡಿಯಲ್ಲಿ ಸೇವೆ ಪಡೆಯುತ್ತಿದ್ದಾರೆ, ನೂರಕ್ಕೆ 15. ಏಷ್ಯನ್ ಮಕ್ಕಳಲ್ಲಿ ಈ ಪ್ರಮಾಣ ಸರಿಸುಮಾರು ಅದರ ಅರ್ಧ. ಇದಕ್ಕೆ ಕಾರಣ ಹಲವು ಇರಬಹುದು. ಆದರೆ ನಾನು ಕಣ್ಣಾರೆ ಕಾಣುವ ಒಂದು ಕಾರಣ ನಮ್ಮ ಮೌನ. "ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು" ಅಂತ ಒಬ್ಬರು. "ಹುಡುಗ್ರು ಹಾಗೇ, ಕೈಕಾಲು ನಿಲ್ಲಲ್ಲ" ಅಂತ ಇನ್ನೊಬ್ಬರು. "ಐಇಪಿ ಅಂದ್ರೆ ಬೇರೆ ಕೋಣೆಗೆ ಹಾಕ್ತಾರಂತೆ, ಕಾಲೇಜಿಗೆ ಗೊತ್ತಾಗುತ್ತಂತೆ, ಜನ ಏನಂದಾರು" ಅಂತ ಮತ್ತೊಬ್ಬರು. ಬೇರೆ ಕೋಣೆಯ ಮಾತು ಹೇಳುವುದಾದರೆ, ಆದಷ್ಟು ಎಲ್ಲ ಮಕ್ಕಳ ಜೊತೆಯಲ್ಲೇ ಕಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಈ ಮಕ್ಕಳಲ್ಲಿ ಮೂರನೇ ಎರಡು ಭಾಗದಷ್ಟು ಜನ ದಿನದ 80 ಶೇಕಡಾಕ್ಕಿಂತ ಹೆಚ್ಚು ಹೊತ್ತು ಸಾಮಾನ್ಯ ಕ್ಲಾಸಿನಲ್ಲೇ ಇರುತ್ತಾರೆ. ಕಾಲೇಜಿಗೆ ಐಇಪಿ ತಾನಾಗಿ ಹೋಗುವುದಿಲ್ಲ. ಬೇಕಾದರೆ ಮಗುವೇ ದೊಡ್ಡವನಾಗಿ ಹೇಳಿಕೊಂಡು ಸೌಲಭ್ಯ ಕೇಳಬಹುದು. ಜನ ಏನಂದಾರು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ತಾನು ದಡ್ಡ ಅಂತ ಏಳು ವರ್ಷದ ಮಗು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿರುತ್ತದಲ್ಲ, ಅದಕ್ಕಿಂತ ಜನರ ಮಾತು ದೊಡ್ಡದಲ್ಲ.

ವೀಸಾ ಬಗ್ಗೆ ಹೆದರುವವರೂ ಇದ್ದಾರೆ. ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಇರುವ ಮಗುವಿಗೂ ಈ ಹಕ್ಕು ಪೂರ್ತಿ ಇದೆ. ವಲಸೆಯ ಸ್ಥಿತಿ ಏನೇ ಇದ್ದರೂ ಮಕ್ಕಳಿಗೆ ಪಬ್ಲಿಕ್ ಶಾಲೆಯ ಬಾಗಿಲು ಮುಚ್ಚುವ ಹಾಗಿಲ್ಲ ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸ್ಪೆಷಲ್ ಎಜುಕೇಷನ್ ಆ ಶಾಲಾ ಶಿಕ್ಷಣದ್ದೇ ಭಾಗ.

ಮಗುವಿಗೆ ಇನ್ನೂ ಮೂರು ವರ್ಷ ಆಗಿಲ್ಲ ಅಂದರೆ ಶಾಲೆಗೆ ಅಲ್ಲ, ಪುಟ್ಟ ಮಕ್ಕಳಿಗೆ ಬೇಗನೇ ನೆರವು ಕೊಡುವ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಕಾರ್ಯಕ್ರಮಕ್ಕೆ ಫೋನ್ ಮಾಡಿ. ಡಾಕ್ಟರ್ ಚೀಟಿ ಬೇಕಿಲ್ಲ. ಪರೀಕ್ಷೆ ಮಾಡಿ, ಅರ್ಹತೆ ಇದ್ದರೆ ಯೋಜನೆಯ ಮೀಟಿಂಗ್ ನಡೆಸಲು ಅವರಿಗಿರುವುದು 45 ದಿನ. ಮೂರು ತುಂಬುವ ಹೊತ್ತಿಗೆ ಶಾಲಾ ಜಿಲ್ಲೆಗೆ ವರ್ಗ ಮಾಡುತ್ತಾರೆ, ಆ ಮೀಟಿಂಗನ್ನು ತಪ್ಪಿಸಬೇಡಿ.

ಕೊನೆಯದಾಗಿ, ಕೆಲಸ ಬದಲಿಸಿ ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ. ಹೊಸ ರಾಜ್ಯ ಹೊಸದಾಗಿ ಪರೀಕ್ಷೆ ಮಾಡಬಹುದು. ಆದರೆ ತನ್ನ ಐಇಪಿ ತಯಾರಾಗುವ ತನಕ ಹಳೆಯದಕ್ಕೆ ಸಮನಾದ ಸೇವೆ ಕೊಡುತ್ತಲೇ ಇರಬೇಕು. ದಾಖಲೆ ಶಾಲೆಯಿಂದ ಶಾಲೆಗೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಐಇಪಿ, ಇತ್ತೀಚಿನ ಪರೀಕ್ಷಾ ವರದಿ, ಪ್ರಗತಿ ವರದಿಗಳ ಪ್ರತಿಗಳನ್ನು ನೀವೇ ಕೈಯಲ್ಲಿ ತೆಗೆದುಕೊಂಡು ಹೋಗಿ, ಸೇರಿಸುವ ದಿನವೇ ಕೊಡಿ, ಕೊಟ್ಟದ್ದಕ್ಕೆ ಒಂದು ಇಮೇಲ್ ಕಳಿಸಿ. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವವರು ಹೊರಡುವ ಮುಂಚೆ ರಜೆಯಲ್ಲೂ ಮುಂದುವರಿಯುವ ವಿಸ್ತರಿತ ಶಾಲಾ ವರ್ಷದ ಸೇವೆ ಬಗ್ಗೆ ವಿಚಾರಿಸಿ. ರಜೆಯಲ್ಲಿ ಕಲಿತದ್ದು ತುಂಬಾ ಮರೆತು, ಮತ್ತೆ ಹಿಡಿಯಲು ತಿಂಗಳುಗಟ್ಟಲೆ ಬೇಕಾಗುವ ಮಕ್ಕಳಿಗೆ ಅದು ಸಿಗಬಹುದು, ಮತ್ತು ಅದನ್ನು ಐಇಪಿ ಮೀಟಿಂಗಿನಲ್ಲೇ ತೀರ್ಮಾನಿಸಬೇಕು. ವಸಂತದ ಮೀಟಿಂಗಿಗೆ ಮುಂಚೆಯೇ ಕೇಳಿಡಿ. ಜೂನಿನಲ್ಲಿ ಕೇಳಿದರೆ ತೀರ್ಮಾನ ಮಾಡುವವರೇ ರಜೆಯಲ್ಲಿರುತ್ತಾರೆ.